ಕುಡಿತ ಬಿಟ್ಟವರ ಕೂಟವೂ ಬೈರಕೂರಿನ ಸದ್ಗೃಹಸ್ಥರೂ

ಕುಡುಕನನ್ನು ತಿದ್ದುವ ವಿಷಯದಲ್ಲಿ ಊರಿನ ಸದ್ಗೃಹಸ್ಥರು ಬಲ್ಲ ಉಪಾಯಗಳು ಮೂರು: ಬೈಯುವುದು, ದೇವರ ಮುಂದೆ ಆಣೆ ಮಾಡಿಸುವುದು, ಎರಡೂ ಫಲಿಸದಿದ್ದರೆ ಮುಚ್ಚಿಡುವುದು. ಕುಡಿತವನ್ನು ಬಿಟ್ಟವರೂ ಬಿಡಬೇಕೆಂದಿರುವವರೂ ವಾರಕ್ಕೊಮ್ಮೆ ಒಂದೆಡೆ ಕುಳಿತು ತಂತಮ್ಮ ಅನುಭವವನ್ನು ಹೇಳಿಕೊಳ್ಳುವ ಕೂಟವೆಂಬ ನಾಲ್ಕನೆಯ ಉಪಾಯವೊಂದುಂಟೆಂದರೆ ಮುಖ ಸಿಂಡರಿಸುವವರೇ ಹೆಚ್ಚು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಂಥ ಹೋಬಳಿಯ ಊರಿಗೆ ಅದು ಒಗ್ಗದೆಂಬ ವಾದವನ್ನು ಪರೀಕ್ಷಿಸುವುದು ಅವಶ್ಯಕವಾಗಿದೆ.

ಈ ಕೂಟವು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ನಗರದಲ್ಲಿ. ಷೇರು ವ್ಯವಹಾರದ ಬಿಲ್ ವಿಲ್ಸನ್ ಎಂಬವನೂ ಶಸ್ತ್ರವೈದ್ಯನಾದ ಬಾಬ್ ಸ್ಮಿತ್ ಎಂಬವನೂ, ಇಬ್ಬರೂ ಕುಡಿತದಿಂದ ಕೆಟ್ಟವರು, ಪರಸ್ಪರ ಮಾತನಾಡಿಕೊಂಡೇ ಅದರಿಂದ ದೂರ ಉಳಿದರು. ಮದ್ಯದ ಕೇಡು ವೈದ್ಯನಾದವನಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ಆ ತಿಳಿವಳಿಕೆ ಅವನ ಕೈಯನ್ನು ತಡೆಯಲಿಲ್ಲ. ತನ್ನಂತೆಯೇ ಬಿದ್ದು ಎದ್ದವನ ಮಾತು ತಡೆಯಿತು. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂದು ಹೆಸರಾದ ಆ ಕೂಟದಲ್ಲಿ ಶುಲ್ಕವಿಲ್ಲ, ಹೊರಗಿನವರ ದೇಣಿಗೆಗೆ ಅವಕಾಶವಿಲ್ಲ; ಬಿಡಬೇಕೆಂಬ ಇಚ್ಛೆಯೊಂದೇ ಪ್ರವೇಶಕ್ಕೆ ಅರ್ಹತೆ. ರೋಗಿಗಳನ್ನು ಕ್ರಮವಾಗಿ ಇಂಥ ಕೂಟಕ್ಕೆ ಸೇರಿಸುವ ಚಿಕಿತ್ಸೆಯು ಸಂಪೂರ್ಣ ವರ್ಜನದ ಮಟ್ಟಿಗೆ ಇತರ ಚಿಕಿತ್ಸೆಗಳಿಗಿಂತ ಮೇಲೆಂದು, 27 ಅಧ್ಯಯನಗಳನ್ನು ತೂಗಿನೋಡಿದ ಕಾಕ್ರೇನ್ ಸಮೀಕ್ಷೆಯೊಂದು 2020ರಲ್ಲಿ ತಿಳಿಸಿತು.

ಶಾಸ್ತ್ರಬಲ್ಲವರು ಎತ್ತುವುದು ಸಂಸರ್ಗದೋಷದ ಆಕ್ಷೇಪಣೆಯನ್ನು. ಸುರಾಪಾನ ಮಹಾಪಾತಕ, ಸುರಾಪಾನಿಯ ಸಹವಾಸವೂ ಮಹಾಪಾತಕ, ಹತ್ತು ಮಂದಿ ಕುಡುಕರು ಒಂದೇ ಕೊಠಡಿಯಲ್ಲಿ ಕುಳಿತರೆ ಹತ್ತು ಮಂದಿಯೂ ಕೆಡುವರಲ್ಲದೆ ಒಬ್ಬನೂ ಉದ್ಧಾರವಾಗನೆಂದು ಅವರ ತರ್ಕ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಸಂಸರ್ಗದ ಮಾತಿರುವುದು ನಿಜ. ಆದರೆ ಅದೇ ಅಧ್ಯಾಯವನ್ನು ಇನ್ನಷ್ಟು ಮುಂದಕ್ಕೆ ಓದುವ ಶ್ರಮವನ್ನು ಈ ಮಹನೀಯರು ವಹಿಸಿದಂತೆ ಕಾಣುವುದಿಲ್ಲ. ಪಾಪದಿಂದ ಬಿಡುಗಡೆಯ ಮಾರ್ಗಗಳನ್ನು ಎಣಿಸುವಲ್ಲಿ ಮೊದಲು ಬರುವುದೇ ಖ್ಯಾಪನ, ಅಂದರೆ ಮಾಡಿದುದನ್ನು ಪರರ ಮುಂದೆ ಬಾಯಿಬಿಟ್ಟು ಹೇಳುವುದು. ಅನುತಾಪ, ತಪಸ್ಸು, ಅಧ್ಯಯನಗಳು ಅದರ ಬಳಿಕ. ಪ್ರಾಯಶ್ಚಿತ್ತವನ್ನು ಬಯಸಿದವನು ಪರಿಷತ್ತಿನ ಮುಂದೆ ನಿಂತು ದೋಷವನ್ನು ಒಪ್ಪಿಕೊಳ್ಳಬೇಕೆಂಬುದು ಧರ್ಮಶಾಸ್ತ್ರದ ಪದ್ಧತಿ. (ಆ ಪರಿಷತ್ತಿನ ಬಾಗಿಲು ಎಲ್ಲ ಜಾತಿಗಳಿಗೂ ಒಂದೇ ಸಮನಾಗಿ ತೆರೆದಿರಲಿಲ್ಲವೆಂಬುದು ಬೇರೆ ಮಾತು, ಈ ಕೂಟದ ಬಾಗಿಲು ತೆರೆದಿದೆ.) ಸಂಸರ್ಗನಿಷೇಧವು ಕುಡಿಯುತ್ತಿರುವವನನ್ನು ಕುರಿತದ್ದೇ ಹೊರತು ಬಿಡಲೆಳಸುವವನನ್ನಲ್ಲ. ಅಷ್ಟಕ್ಕೂ, ಮದುವೆಯ ಹಿಂದಿನ ರಾತ್ರಿ ಹಿತ್ತಿಲಲ್ಲಿ ಸೀಸೆ ತೆರೆಯುವ ನೆಂಟರನ್ನು ಕಂಡೂ ಕಾಣದಂತೆ ನಡೆದುಹೋಗುವಾಗ ಈ ಸಂಸರ್ಗಭಯ ಎಲ್ಲಿರುತ್ತದೆ?

ಇದಕ್ಕಿಂತ ತೂಕವುಳ್ಳ ಆಕ್ಷೇಪಣೆ ಇನ್ನೊಂದುಂಟು. ಬಂದವರ ಹೆಸರು ಹೊರಬೀಳಬಾರದೆಂಬುದು ಕೂಟದ ನಿಯಮ. ಬೆಂಗಳೂರಿನಲ್ಲಿ ಅದು ಸಾಧ್ಯ. ಬೈರಕೂರಿನಲ್ಲಿ ಯಾರು ಯಾವ ಬಾಗಿಲನ್ನು ಹೊಕ್ಕರೆಂಬುದು ದೀಪ ಹಚ್ಚುವಷ್ಟರಲ್ಲಿ ಊರಿಗೆಲ್ಲ ತಿಳಿಯುತ್ತದೆ. ಮಗಳಿಗೆ ಗಂಡು ನೋಡುತ್ತಿರುವ ತಂದೆ ಅಲ್ಲಿಗೆ ಹೇಗೆ ಹೋದಾನು? ಕೇಳತಕ್ಕ ಪ್ರಶ್ನೆಯೇ. ಆದರೆ ಅವನು ಹಗಲಿನಲ್ಲೇ ಅಮಲೇರಿ ಕಟ್ಟೆಯ ಮೇಲೆ ಬಿದ್ದಿದ್ದುದನ್ನು ಊರು ಕಂಡಿಲ್ಲವೆ? ಗಂಡಿನ ಕಡೆಯವರು ವಿಚಾರಿಸದೆ ಬಿಡುವರೆ? ಅವನು ಕುಡಿಯುವುದು ಎಲ್ಲರಿಗೂ ಗೊತ್ತು. ಬಿಡಲು ಹೆಣಗುತ್ತಿರುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಗುಟ್ಟಾಗಿರಬೇಕಾದುದು ಕೂಟದೊಳಗೆ ಆಡಿದ ಮಾತು. ಅದನ್ನು ಜಗಲಿಗೆ ತಾರದ ಸಂಯಮವು ಓದುಬರಹ ಬಲ್ಲ ಮನೆಗಳಿಂದಲೇ ಮೊದಲಾಗಲಿ. ಪರರ ಮನೆಯ ಸುದ್ದಿಗೆ ಭಾಷ್ಯ ಬರೆಯುವವರು ಅಲ್ಲಿಯೇ ಹೆಚ್ಚು.

ಸರ್ಕಾರವು ಅಂಗಡಿಗಳನ್ನೇ ಮುಚ್ಚಲಿ ಎನ್ನುವವರೂ ಇದ್ದಾರೆ. ಸಂವಿಧಾನದ 47ನೆಯ ವಿಧಿ ಅವರ ಪರವಾಗಿಯೇ ಇದೆ. ಆದರೆ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಕುಡಿಯುವವರು ವಿಸ್ಕಿಗೆ ದಾಟಿಕೊಂಡರು. ಎಲ್ಲೆಯಾಚೆ ಆಂಧ್ರದಲ್ಲಿ 1995ರಲ್ಲಿ ಬಂದ ಪಾನನಿಷೇಧ 1997ರಲ್ಲಿ ಸಡಿಲಾಯಿತು. ಇಂದು ಕೈನಡುಗುತ್ತಿರುವವನಿಗೆ ಅಂಗಡಿ ಮುಚ್ಚುವವರೆಗೂ ಕಾದಿರೆಂದು ಹೇಳುವುದು ಯಾವ ನ್ಯಾಯ?

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೊಡಗೂಡಿ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದ್ದಾರೆ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳನ್ನೂ ಕಟ್ಟಿದ್ದಾರೆ. ಸಮಾರೋಪದ ಹಾರತುರಾಯಿಗಳಿಗೆ ಸೇರುವ ಪ್ರಮುಖರಲ್ಲಿ ಆರು ತಿಂಗಳ ಮೇಲೆ ಆ ಸಮಿತಿಗೆ ಜಮಖಾನೆ ಹಾಸಿಕೊಡುವವರು ಎಷ್ಟು ಮಂದಿ?

ಆಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಹುಕಾಲ ದಿನವೂ ಮಿತಿಮೀರಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ನಡುಕ, ಸೆಳವು, ಸನ್ನಿ ಬರಬಹುದು, ಪ್ರಾಣವೇ ಹೋಗಬಹುದು. ಆದುದರಿಂದ ಮೊದಲು ವೈದ್ಯ, ಬಳಿಕ ಕೂಟ. 14446 ಎಂಬ ದೂರವಾಣಿಗೆ ಖರ್ಚಿಲ್ಲದೆ ಕರೆಮಾಡಿ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆದರೂ ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತೆಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ದೊರೆತವನಾದರೂ ವಾರವಾರವೂ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಬೆಂಗಳೂರಿಗೆ ಹೋಗಲಾರನು. ಕೂಟವು ಅವನ ನಡಿಗೆಯಳತೆಯಲ್ಲಿರಬೇಕು. ಮಾತು ಕನ್ನಡದಲ್ಲಾದರೂ ನಡೆಯಲಿ, ಈ ಸೀಮೆಯ ಮನೆಮಾತಾದ ತೆಲುಗಿನಲ್ಲಾದರೂ ನಡೆಯಲಿ.

ಹೆಂಗಸರನ್ನು ಮರೆಯುವುದು ಇಂಥ ಚರ್ಚೆಗಳ ರೂಢಿ. ಕುಡಿಯುವವರ ಮನೆಯವರಿಗಾಗಿ ವಿಲ್ಸನ್ನನ ಪತ್ನಿ ಲೋಯಿಸ್ 1951ರಲ್ಲಿ ಆಲ್-ಅನಾನ್ ಎಂಬ ಬೇರೊಂದು ಕೂಟಕ್ಕೆ ಸಂಘಟನೆಯ ರೂಪ ಕೊಟ್ಟಳು. ಗಂಡನು ಬರಲೊಲ್ಲದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು. ಬೈರಕೂರಿನಲ್ಲಿ ಭಾನುವಾರ ಸಂಜೆ ಶಾಲೆಯ ಒಂದು ಕೊಠಡಿ ಗಂಡಸರಿಗೆ, ತುಸು ದೂರದಲ್ಲಿ ಇನ್ನೊಂದು ಕೊಠಡಿ ಹೆಂಗಸರಿಗೆ ಎಂದು ಗೊತ್ತುಮಾಡಿ, ಬೀಗದ ಕೈ ಯಾರ ಮನೆಯಲ್ಲಿರಬೇಕೆಂಬುದನ್ನು ಹಿರಿಯರು ಈ ತಿಂಗಳೇ ನಿಶ್ಚಯಿಸಲಿ. ಉಳಿದುದನ್ನು ಬಿಟ್ಟವರೇ ನಡೆಸಿಕೊಳ್ಳುವರು. ಅಧ್ಯಕ್ಷಭಾಷಣಕ್ಕೆ ಯಾರೂ ಹೋಗಬೇಕಾಗಿಲ್ಲ.