ಗಾಡಿ ಹೊಳಪು ಹಿತ್ತಾಳಿ ಕೊಡದ ಹೊಳಪಲ್ಲ

ದಸರಾ ಹತ್ರ ಬಂತಂದ್ರ ನಮ್ಮ ಧಾರವಾಡ-ಹುಬ್ಬಳ್ಳಿ ಓಣಿಗಳೊಳಗ ಎರಡು ಕೆಲಸ ಶುರು ಆಗತಾವ. ಒಳಗ ನಾವು ದೇವರ ಸಾಮಾನು ಬೆಳಗೋದು, ಹೊರಗ ಗಂಡಸರು ಗಾಡಿ ಪಾಲಿಶ್ ಮಾಡಿಸೋದು. ಖಂಡೆ ಪೂಜಿ ದಿನ ಕಾರು ಕನ್ನಡಿ ಹಂಗ ಹೊಳೀಬೇಕು, ಇಲ್ಲಂದ್ರ ಹಬ್ಬನ ಅಲ್ಲ.

ಈ ಸಲ ನಾನು ನೇರ ಹೇಳತೀನ್ರಿ. ವರ್ಷಾ ವರ್ಷಾ ಪಾಲಿಶ್ ಮಾಡಿಸೋದು ಬಿಡ್ರಿ. ದಿನಾ ಮುಂಜಾನೆ ಒಣ ಅರಬಿಲೇ ಗಾಡಿ ಒರಸೋದನ್ನೂ ಬಿಡ್ರಿ. ವಾರಕ್ಕೊಮ್ಮೆ ನೀರು ಹಾಕಿ ಸಾವಕಾಶ ತೊಳದು, ವರ್ಷಕ್ಕ ಮೂರು ಸಲ ಮನ್ಯಾಗನ ವ್ಯಾಕ್ಸ್ ಹಚ್ಚಿದ್ರ ಸಾಕು. ಗಾಡಿ ಹೊಳಪು ತಿಕ್ಕಿ ತರೋದಲ್ಲ, ಕಾಯ್ಕೊಂಡು ಹೋಗೋದು.

ಇದು ಗಂಡಸರ ವಿಷಯ, ನಮಗ್ಯಾಕ ಅಂತ ಅನಬ್ಯಾಡ್ರಿ. ಗಾಡಿ ಸಾಲದ ಕಂತು ಮನಿ ರೊಕ್ಕದಾಗಿಂದನ ಹೋಗತೈತಿ. ನಮ್ಮೊಳಗ ಎಷ್ಟೋ ಮಂದಿ ಈಗ ತಾವ ಗಾಡಿ ನಡಸತಾರ. ಮತ್ತ ತಿಕ್ಕೋದು, ಬೆಳಗೋದು ಅಂದ್ರ ಏನಂತ ನಮಗಿಂತ ಚೊಲೋ ಯಾರಿಗೆ ಗೊತ್ತೈತಿ?

ಹಿತ್ತಾಳಿ ಕೊಡ ಹೊರಗಿಂದ ಒಳಗಿನ ತನಕ ಹಿತ್ತಾಳಿನ. ಹುಣಸಿಹಣ್ಣು ಹಚ್ಚಿ ತಿಕ್ಕಿದಷ್ಟೂ ಕರೀದು ಹೋಗಿ ಹೊಸಾ ಹಿತ್ತಾಳಿ ಕಾಣತೈತಿ. ಅಜ್ಜಿ ಕಾಲದ ಕೊಡ ಇನ್ನೂ ತಿಕ್ಕಾಕ ಹತ್ತೀವಿ, ಏನೂ ಆಗಿಲ್ಲ. ಆದ್ರ ಬಂಗಾರದ ನೀರು ಕುಡಿಸಿದ ಬಳಿ ಐತೆಲ್ಲ, ಅದನ್ನ ಯಾರರ ಹಂಗ ತಿಕ್ಕತಾರೇನು? ನಾಕು ಸಲ ತಿಕ್ಕಿದ್ರ ಒಳಗಿನ ತಾಮ್ರ ಹಲ್ಲು ಕಿಸೀತೈತಿ. ಕಾರಿನ ಬಣ್ಣ ಕೊಡದ ಜಾತಿ ಅಲ್ಲ, ಬಳಿ ಜಾತಿ.

ಹೆಂಗ ಅಂತೀರಿ? ತಗಡಿನ ಮ್ಯಾಲ ತುಕ್ಕು ಹಿಡೀದಂಗ ಒಂದು ಲೇಪ, ಅದರ ಮ್ಯಾಲ ಪ್ರೈಮರ್, ಅದರ ಮ್ಯಾಲ ನಾವು ಆರಿಸಿದ ಬಣ್ಣ, ಎಲ್ಲಾದಕ್ಕಿಂತ ಮ್ಯಾಲ ಬಣ್ಣ ಇಲ್ಲದ ಒಂದು ಪಾರದರ್ಶಕ ಪದರು. ಇದಕ್ಕ ಕ್ಲಿಯರ್ ಕೋಟ್ ಅಂತಾರ. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು. ನಮ್ಮ ತಲಿಗೂದಲು ಸುಮಾರು 70 ಮೈಕ್ರಾನ್. ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್, ಅಂದ್ರ ಒಂದು ಕೂದಲಿಗಿಂತ ತೆಳು. ಗಾಡಿಯ ಎಲ್ಲಾ ಹೊಳಪು ಈ ಒಂದು ಪದರಿನೊಳಗ ಐತಿ. ಕೆಳಗಿನ ಬಣ್ಣ ಬಿಸಿಲಿಗೆ ಮಾಸದಂಗ ಕಾಯೋದೂ ಇದನ.

ಹೊಳಪು ಅಂದ್ರ ಏನು? ಗಾಳಿ ಇಲ್ಲದ ದಿನ ಉಣಕಲ್ ಕೆರಿ ನೋಡ್ರಿ, ಗಿಡ, ಆಕಾಶ ಎಲ್ಲಾ ನೀರೊಳಗ ಚಿತ್ರ ತಗದಂಗ ಕಾಣತಾವ. ಗಾಳಿ ಬೀಸಿ ತೆರಿ ಎದ್ದವು ಅಂದ್ರ ಚಿತ್ರ ಕದಡತೈತಿ. ನೀರು ಅದನ, ಮ್ಯಾಲ್ಮೈ ಬ್ಯಾರೆ ಆತು. ಗಾಡೀದೂ ಹಂಗ. ಕ್ಲಿಯರ್ ಕೋಟ್ ಸಪಾಟ ಇದ್ದಷ್ಟು ದಿನ ಹೊಳೀತೈತಿ. ಅದರ ಮ್ಯಾಲ ಸಣ್ಣ ಸಣ್ಣ ಗೀರು ತುಂಬಿದ್ರ ಬೆಳಕು ಚೆದರಿ ಮಂಕಾಗತೈತಿ. ರಾತ್ರಿ ಬೀದಿ ದೀಪದ ಕೆಳಗ ನಿಂತು ಬಾನೆಟ್ ನೋಡ್ರಿ. ದೀಪದ ಸುತ್ತ ಜೇಡರ ಬಲಿ ಹಂಗ ದುಂಡನ ಗೀರು ಕಾಣತಾವ. ಖರೇ ಅಂದ್ರ ಅವು ದುಂಡಗ ಇರೂದಿಲ್ಲ. ಎಲ್ಲಾ ದಿಕ್ಕಿಗೂ ಗೀರು ಇರತಾವ, ಬೆಳಕಿಗೆ ಅಡ್ಡ ಬಂದಾವು ಅಷ್ಟ ಮಿಂಚತಾವ, ಅದಕ್ಕ ಚಕ್ರ ಕಂಡಂಗ ಆಗತೈತಿ.

ಈ ಗೀರು ಹಾಕಿದವರು ಯಾರು? ಹೆಚ್ಚಿನವನ್ನ ಹಾಕಿದವರು ನಾವ, ಒರೆಸಿ ಒರೆಸಿ. ಧೂಳಿನೊಳಗ ಬೆಣಚುಕಲ್ಲಿನ ಹರಳು ಇರತಾವ, ಅವು ಗಾಜನ್ನೂ ಗೀರತಾವ. ಕ್ಲಿಯರ್ ಕೋಟ್ ಅಂತೂ ಪ್ಲಾಸ್ಟಿಕಿನ ತಮ್ಮ. ಧೂಳು ಕೂತ ಗಾಡಿ ಮ್ಯಾಲ ಒಣ ಅರಬಿ ಆಡಿಸೋದು ಅಂದ್ರ ಉಸುಕಿನ ಕಾಗದ ಆಡಿಸಿದಂಗನ. ನಮ್ಮ ಕಡೆ ಒಂದು ದಿಕ್ಕಿಗೆ ಎರಿ ಮಣ್ಣು, ಇನ್ನೊಂದು ದಿಕ್ಕಿಗೆ ಕೆಂಪು ಮಣ್ಣು, ಧೂಳಿಗೇನು ಬರ ಐತಿ? ದಿನಾ ಒರಸಿದ್ರ ದಿನಾ ಗೀರು. ಆಮ್ಯಾಲ ಮಂಕಾತು ಅಂತ ಪಾಲಿಶ್.

ಪಾಲಿಶ್ ಏನು ಮಾಡತೈತಿ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಏನೋ ಹೊಳಪು ತಂದು ಹಚ್ಚತಾರ ಅಂತ ತಿಳಕೊಂಡಾರ. ಹಂಗಲ್ಲ. ಪಾಲಿಶಿನೊಳಗ ಭಾಳ ಸಣ್ಣ ಉಜ್ಜು ಪುಡಿ ಇರತೈತಿ. ಅದು ಗೀರಿನ ಆಳದ ತನಕ ಸುತ್ತಲಿನ ಕ್ಲಿಯರ್ ಕೋಟನ್ನ ಸವಸಿ ಸಪಾಟ ಮಾಡತೈತಿ. ಹಗೂರ ಮಾಡಿದ್ರ ಒಂದೆರಡು ಮೈಕ್ರಾನ್ ಹೋಗತೈತಿ, ಮಷಿನ್ ಒತ್ತಿ ಹಿಡದ್ರ ಅದಕ್ಕಿಂತ ಹೆಚ್ಚು. ಬಾಗಿಲಿನ ಅಂಚು, ಬಾನೆಟ್ಟಿನ ಏಣು ಇಂಥಾ ಕಡೆ ಪದರು ಮೊದಲ ತೆಳು, ಅಲ್ಲೆ ಭಾಳ ಲಗೂ ಸವೀತೈತಿ. ಹೋದದ್ದು ಮತ್ತ ಬೆಳೆಯೋದಿಲ್ಲ. ಒಂದು ದಿನ ಬಾನೆಟ್ ಮ್ಯಾಲ ಬೆಳ್ಳಗ ಹಾಲು ಚೆಲ್ಲಿದಂಗ ಆಗಿ ಸಿಪ್ಪಿ ಏಳಾಕ ಹತ್ತತೈತಿ. ಆವಾಗ ಯಾವ ಪಾಲಿಶೂ ನಡಿಯೂದಿಲ್ಲ, ಹೊಸಾ ಬಣ್ಣ ಹೊಡಸೋದ ದಾರಿ.

ಹಂಗಾರ ನಮ್ಮ ಹಿರ್ಯಾರು ವರ್ಷಾ ಮಾಡತಿದ್ರಲ್ಲ ಅಂತ ಕೇಳತೀರಿ. ಅವರದು ಅಂಬಾಸಿಡರ್, ಪದ್ಮಿನಿ ಕಾಲ. ಆವಾಗಿನ ಗಾಡಿ ಬಣ್ಣದ ಮ್ಯಾಲ ಈ ಕ್ಲಿಯರ್ ಕೋಟ್ ಇರತಿದ್ದಿಲ್ಲ. ಬಿಸಿಲಿಗೆ ಬಣ್ಣ ಸುಣ್ಣ ಬಿಟ್ಟಂಗ ಆಗತಿತ್ತು. ತಿಕ್ಕಿದ್ರ ಅರಬಿಗೆ ಬಣ್ಣ ಹತ್ತಿ, ಒಳಗಿಂದು ಹೊಸಾದು ಕಾಣತಿತ್ತು, ಥೇಟ್ ಹಿತ್ತಾಳಿ ಕೊಡದಂಗ. ಅವರು ಮಾಡಿದ್ದು ಆ ಬಣ್ಣಕ್ಕ ಸರಿ ಇತ್ತು. ಗಾಡಿ ಬದಲಾತು, ರೂಢಿ ಮಾತ್ರ ಹಂಗ ಉಳೀತು.

ಪಾಲಿಶ್ ಬ್ಯಾರೆ, ವ್ಯಾಕ್ಸ್ ಬ್ಯಾರೆ. ಅಂಗಡ್ಯಾಗ ಎರಡಕ್ಕೂ ಪಾಲಿಶ್ ಅಂತನ ಕರೀತಾರ, ಅಲ್ಲೇ ಗೋಂದಲ. ಪಾಲಿಶ್ ತಗೀತೈತಿ, ವ್ಯಾಕ್ಸ್ ಹಚ್ಚತೈತಿ. ವ್ಯಾಕ್ಸ್ ಅಂದ್ರ ಮೇಣ. ಇದರೊಳಗ ಹೆಸರಾದದ್ದು ಕಾರ್ನೌಬಾ ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಗಿಡದ ಎಲೆಯಿಂದ ಇದನ್ನ ತಗೀತಾರ. ಅಲ್ಲಿನ ಒಣ ಬಿಸಿಲಿಗೆ ಎಲಿಯೊಳಗಿನ ನೀರು ಆರದಂಗ ಗಿಡಾನ ತನ್ನ ಮೈಗೆ ಮೇಣ ಹಚ್ಚಿಕೊಂಡಿರತೈತಿ. ಜೇನುಮೇಣ ಸುಮಾರು 62-64 ಡಿಗ್ರಿಗೆ ಕರಗಿದ್ರ ಇದು 80 ಡಿಗ್ರಿ ದಾಟೋ ತನಕ ಕರಗೂದಿಲ್ಲ. ನಾವು ನುಂಗೋ ಎಷ್ಟೋ ಗುಳಿಗಿಗಳ ಮ್ಯಾಲಿನ ನುಣುಪು, ಮಕ್ಕಳು ತಿನ್ನೋ ಪೆಪ್ಪರಮಿಂಟಿನ ಹೊಳಪು ಇದರದನ.

ಮೇಣ ಹಚ್ಚಿದ ಗಾಡಿ ಮ್ಯಾಲ ನೀರು ಬಿದ್ರ ತಾವರಿ ಎಲಿ ಮ್ಯಾಲ ಉರುಳಿದಂಗ ಮುತ್ತಾಗಿ ಉರುಳತೈತಿ. ಧೂಳು ಸಡಿಲ ಕೂಡತೈತಿ, ಹಕ್ಕಿ ಹಿಕ್ಕಿ ಹಾಕಿದ್ರ ಬಣ್ಣಕ್ಕ ಇಳಿಯೂಕಿಂತ ಮೊದಲ ಒರಸಾಕ ಟೈಮ್ ಸಿಗತೈತಿ. ಎರಡು ಮೂರು ತಿಂಗಳಿಗೆ ಮೇಣ ಸವೀತೈತಿ. ಸವೀಲಿ. ಸವದದ್ದು ಮೇಣ, ಗಾಡಿ ಅಲ್ಲ. ನೀರು ಮುತ್ತಾಗದ ಹಾಳಿ ಹಂಗ ಹರಡಾಕ ಹತ್ತಿತು ಅಂದ್ರ ಮತ್ತ ಹಚ್ಚೋ ದಿನ ಬಂತಂತ ತಿಳ್ಕೋರಿ.

ಇನ್ನ ಸಿರಾಮಿಕ್ ಕೋಟಿಂಗ್. ಹೊಸಾ ಗಾಡಿ ತಗೊಳ್ಳೋವಾಗ ಹತ್ತಿಪ್ಪತ್ತು ಸಾವಿರ ಹೇಳತಾರ. ಅದು ಮೋಸ ಅಂತ ನಾ ಅನ್ನೂದಿಲ್ಲ. ಚೊಲೋ ಹಚ್ಚಿದ್ರ ಮೇಣಕ್ಕಿಂತ ಭಾಳ ದಿನ ಬಾಳತೈತಿ, ನೀರೂ ಚೊಲೋ ಜಾರತೈತಿ. ಆದ್ರ ಕಲ್ಲು ಬಡದ್ರ ತಡಿಯೂದಿಲ್ಲ, ಒಣ ಅರಬಿ ಆಡಿಸಿದ್ರ ಅದೂ ಗೀರತೈತಿ. ಒಮ್ಮೆ ಹಚ್ಚಿಸಿದ್ರ ತೊಳಿಯೋ ಚಿಂತಿ ಇಲ್ಲ ಅಂದ್ರ ನಂಬಬ್ಯಾಡ್ರಿ. ಅಷ್ಟು ರೊಕ್ಕ ಕೊಡೂದು ನಿಮ್ಮ ಮನಿ ಲೆಕ್ಕಕ್ಕ ಕೂಡತೈತೇನು ನೋಡ್ರಿ.

ಈಗ ನನ್ನ ಮನಸ್ಸಿಗೆ ಹತ್ತಿದ ಮಾತು. ಮುಂಜಾನೆ ಬೆಳಕು ಹರಿಯೂಕಿಂತ ಮೊದಲ ಓಣಿಗೆ ಗಾಡಿ ಒರಸೋ ಹುಡುಗ ಬರತಾನ. ಒಂದ ಬಕೆಟ್ ನೀರು, ಒಂದ ಅರಬಿ, ಎಂಟು ಹತ್ತು ಗಾಡಿ. ನಿಮ್ಮ ಗಾಡಿ ಧೂಳು ನಮ್ಮ ಗಾಡಿ ಮ್ಯಾಲ, ನಮ್ಮದು ಮುಂದಿನ ಮನಿಯವರ ಗಾಡಿ ಮ್ಯಾಲ. ಒಂದು ಗಾಡಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ. ಅಷ್ಟರಾಗ ಅವ ಇನ್ನೇನು ಮಾಡಬೇಕು? ಹೋದ ವರ್ಷ ನಮ್ಮ ಓಣ್ಯಾಗ ಒಬ್ಬರು ಬಾನೆಟ್ ಮ್ಯಾಲಿನ ಗೀರು ತೋರಿಸಿ ಅವನ ಒಂದು ತಿಂಗಳ ಪಗಾರ ಹಿಡದ್ರು. ದಿನಾ ಒರಸು ಅಂತ ಹೇಳಿದವರು ನಾವು. ನೀರು ಕೊಡದವರು ನಾವು. ಅರಬಿ ಕೊಡದವರೂ ನಾವು. ಗೀರು ಬಿದ್ರ ತಪ್ಪು ಅವಂದು! ಇದು ಯಾವ ನ್ಯಾಯ್ರಿ?

ನನ್ನ ಮಾತು ಕೇಳೋದಾದ್ರ, ಅವಗ ದಿನಾ ಒರಸೋದು ಬ್ಯಾಡ, ವಾರಕ್ಕ ಒಂದೋ ಎರಡೋ ಸಲ ಸರಿಯಾಗಿ ತೊಳಿ ಅಂತ ಹೇಳ್ರಿ. ಪಗಾರ ಅಷ್ಟ ಕೊಡ್ರಿ, ಒಂದು ಪೈನೂ ಕಡಿಮಿ ಮಾಡಬ್ಯಾಡ್ರಿ. ಎರಡು ಮೈಕ್ರೋಫೈಬರ್ ಅರಬಿ ನಿಮ್ಮವ ನಿಮ್ಮ ಮನ್ಯಾಗ ಇಟ್ಟು ಅವನ ಕೈಗೆ ಕೊಡ್ರಿ, ನೀರು ನಿಮ್ಮ ನಳದ್ದು ಕೊಡ್ರಿ. ಅವಗ ಕೆಲಸ ಹಗೂರ, ಗಾಡಿಗೆ ಆಯುಷ್ಯ.

ತೊಳಿಯೋದು ಹೆಂಗ? ಗಾಡಿ ನೆರಳಾಗ ಇರಲಿ, ಮೈ ತಣ್ಣಗಿರಲಿ. ಮೊದಲ ಬರೇ ನೀರು ಸುರದು ಧೂಳು ಇಳಸ್ರಿ, ಅರಬಿ ಮುಟ್ಟಸಬ್ಯಾಡ್ರಿ. ಆಮ್ಯಾಲ ಎರಡು ಬಕೆಟ್. ಒಂದರಾಗ ಗಾಡಿ ಶಾಂಪೂ ನೀರು, ಇನ್ನೊಂದರಾಗ ಬರೇ ನೀರು. ಅರಬಿ ಬರೇ ನೀರಾಗ ಜಾಲಿಸಿ ಆಮ್ಯಾಲ ಶಾಂಪೂ ನೀರಾಗ ಅದ್ದಬೇಕು. ಮ್ಯಾಲಿಂದ ಕೆಳಗ ಬರ್ರಿ, ಚಕ್ರ ಕಡೀಕೆ. ಅರಬಿ ಒಗಿಯೋ ಪೌಡರ್ ಬ್ಯಾಡ, ಅದು ಮೇಣ ಎಲ್ಲಾ ತೊಳದು ಹಾಕತೈತಿ. ಚಿಮಣಿ ಎಣ್ಣಿ, ಡೀಸೆಲ್ ಹಚ್ಚಿ ಒರಸೋರು ಅದಾರ, ಅದೂ ಬ್ಯಾಡ. ಆ ಹೊಳಪು ಎಣ್ಣೀದು, ಮಧ್ಯಾಹ್ನದೊಳಗ ಧೂಳು ಹಿಡದು ಕೂಡತೈತಿ. ಬೋರ್ ನೀರು ಮೈ ಮ್ಯಾಲ ಆರಾಕ ಬಿಟ್ರ ಬೆಳ್ಳನ ಸುಣ್ಣದ ಚುಕ್ಕಿ ಉಳೀತಾವ. ಅದಕ್ಕ ಕೂಡಲೇ ಒಣ, ಸ್ವಚ್ಛ ಅರಬಿಲೇ ಒತ್ತಿ ನೀರು ತಗೀರಿ. ಮಲಪ್ರಭಾ ನೀರು ಬಂದ ದಿನ ತೊಳದ್ರ ಈ ಕಾಟ ಕಡಿಮಿ.

ಮೇಣ ಹಚ್ಚೋದು ಒಂದು ಮಧ್ಯಾಹ್ನದ ಕೆಲಸ. ತೊಳದು ಆರಿದ ಗಾಡಿ ಮ್ಯಾಲ, ಒಂದ ಬಾಗಿಲು, ಆಮ್ಯಾಲ ಇನ್ನೊಂದು ಅಂತ ಭಾಗ ಮಾಡಿಕೊಂಡು, ರೂಪಾಯಿ ನಾಣ್ಯದಷ್ಟು ಮೇಣ ಮೆತ್ತನ ಸ್ಪಂಜಿಲೇ ತೆಳ್ಳಗ ಸವರಬೇಕು. ರೊಟ್ಟಿಗೆ ತುಪ್ಪ ಸವರಿದಂಗ ಅಲ್ಲ, ಹೆಂಚಿಗೆ ಎಣ್ಣಿ ಸವರಿದಂಗ. ಸ್ವಲ್ಪ ಹೊತ್ತಿಗೆ ಮಬ್ಬು ಆಗತೈತಿ. ಬೆರಳು ಆಡಿಸಿ ನೋಡ್ರಿ, ಗುರುತು ಸ್ವಚ್ಛ ಬಿತ್ತಂದ್ರ ಆರೇತಿ ಅಂತ. ಆವಾಗ ಬ್ಯಾರೆ ಅರಬಿಲೇ ಹಗೂರ ಒರಸ್ರಿ. ಕರೀ ಪ್ಲಾಸ್ಟಿಕ್ಕಿಗೆ ಹತ್ತಸಬ್ಯಾಡ್ರಿ, ಬೆಳ್ಳನ ಕಲೆ ಹೋಗಾಕ ಜೀವ ತಿಂತೈತಿ. ಮುಂದಿನ ಗಾಜಿಗೂ ಬ್ಯಾಡ. ಬಿಸಿಲಾಗ ಅಂತೂ ಈ ಕೆಲಸಾನ ಬ್ಯಾಡ.

ಪೂಜಿ ದಿನದ್ದೂ ಹೇಳಿ ಬಿಡತೀನಿ. ಎರಡು ದಿನ ಮೊದಲ ಮೇಣ ಹಚ್ಚಿಟ್ರ ಅರಿಷಿಣ, ಕುಂಕುಮ ಬಣ್ಣಕ್ಕ ಹಿಡಿಯೂದಿಲ್ಲ. ಪೂಜಿ ಆದ ಮ್ಯಾಲ ಒಣಗಿದ ಕುಂಕುಮ ತಿಕ್ಕಿ ತಗೀಬ್ಯಾಡ್ರಿ, ನೀರು ಹಾಕಿ ನೆನಸಿ ಇಳಸ್ರಿ. ನಿಂಬಿಹಣ್ಣಿನ ರಸ ಸಿಡದಿದ್ರ ಅವತ್ತ ತೊಳೀರಿ. ದೇವರಿಗೆ ಬೇಕಾದದ್ದು ಭಕ್ತಿ, ಬಾನೆಟ್ ಮ್ಯಾಲ ಎಂಟು ದಿನ ಇರೋ ಕಲೆ ಅಲ್ಲ.

ಹಂಗಂತ ಪಾಲಿಶ್ ಎಂದೂ ಬ್ಯಾಡ ಅಂತ ನಾ ಹೇಳೂದಿಲ್ಲ. ನಾಕೈದು ವರ್ಷಕ್ಕ ಒಮ್ಮೆ, ಗಾಡಿ ಖರೇನ ಮಂಕಾಗಿದ್ರ, ಇಲ್ಲಾ ಮಾರೋದಿದ್ರ, ತಿಳದವರ ಕಡೆ ಮಾಡಸ್ರಿ. ಬಣ್ಣದ ದಪ್ಪ ಅಳೆಯೋ ಮಷಿನ್ ಇಟ್ಟಾರೇನು ಅಂತ ಮೊದಲ ಕೇಳ್ರಿ. ಗೀರು ತಗೀತೀರೋ ಮುಚ್ಚತೀರೋ ಅಂತನೂ ಕೇಳ್ರಿ. ಕೆಲವು ಪಾಲಿಶ್ ಗೀರಿನೊಳಗ ಎಣ್ಣಿ ತುಂಬಿ ಕಾಣದಂಗ ಮಾಡತಾವ, ಎರಡು ಸಲ ತೊಳದ್ರ ಗೀರು ಮತ್ತ ಹಾಜರ್.

ಧೂಳು ಕೂತ ಗಾಡಿ ನೋಡಿ ಮಂದಿ ಏನಂದಾರು ಅಂತ ಅತ್ತಿಯವರು ಅನ್ನಬಹುದು. ಅಂದ್ರ ಅನ್ನಲಿ. ಎರಡು ದಿನದ ಧೂಳು ನೀರು ಹಾಕಿದ್ರ ಹೋಗತೈತಿ, ಒರೆಸಿ ಹಾಕಿದ ಗೀರು ಹೋಗೂದಿಲ್ಲ.

ಈ ಸಲ ಪಾಲಿಶಿನ ರೊಕ್ಕ ಉಳಿಸಿದವರು ಅದರಾಗ ಅರ್ಧ ಆ ಹುಡುಗಗ ಹಬ್ಬಕ್ಕಂತ ಕೊಡ್ರಿ. ಉಳಿದರ್ಧ ನಿಮ್ಮ ಬಳಿಗೆ ಇರಲಿ.