ಬಿ.ಎ. ಪದವಿಗೆ ಬೆಲೆ ಕಟ್ಟಿದವರು ಯಾರು?

ಆಸ್ಟ್ರೇಲಿಯಾದಲ್ಲಿ ಸರ್ಕಾರಿ ನೆರವಿನ ಸೀಟು ಪಡೆದು ವೈದ್ಯಕೀಯ ಓದುವ ವಿದ್ಯಾರ್ಥಿ 2021ರಲ್ಲಿ ವರ್ಷಕ್ಕೆ ಕಟ್ಟಬೇಕಿದ್ದ ಪಾಲು 11,300 ಡಾಲರ್. ಅದೇ ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಓದುವವಳ ಪಾಲು 14,500 ಡಾಲರ್. ಶವಚ್ಛೇದನದ ಕೋಣೆ ಬೇಡದ, ಪ್ರಯೋಗಾಲಯ ಬೇಡದ, ಬೋಧನಾ ಆಸ್ಪತ್ರೆ ಬೇಡದ, ಒಂದು ಕೊಠಡಿ, ಒಬ್ಬ ಅಧ್ಯಾಪಕಿ ಮತ್ತು ಒಂದು ಒಳ್ಳೆಯ ಗ್ರಂಥಾಲಯವಿದ್ದರೆ ನಡೆದುಹೋಗುವ ಓದಿಗೆ ಹೆಚ್ಚು ದರ. ಸಂತೆಯಲ್ಲಿ ಯಾರಾದರೂ ಹೀಗೆ ವ್ಯಾಪಾರ ಮಾಡಿದ್ದರೆ ಜನ ತಕ್ಕಡಿಯನ್ನು ಪರೀಕ್ಷಿಸುತ್ತಿದ್ದರು. ಇಲ್ಲಿ ಮಾತ್ರ ತಕ್ಕಡಿಯನ್ನು ಬಿಟ್ಟು ಸರಕನ್ನೇ ಅನುಮಾನಿಸಲಾಗುತ್ತಿದೆ.

ಬ್ರಿಸ್ಬೇನಿನ ದಕ್ಷಿಣಕ್ಕಿರುವ ಸನ್ನಿಬ್ಯಾಂಕಿನಲ್ಲಿ, ಅದರ ನೆರೆಯ ರನ್‌ಕಾರ್ನ್, ಎಯ್ಟ್ ಮೈಲ್ ಪ್ಲೇನ್ಸ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಹನ್ನೊಂದನೆಯ ತರಗತಿಗೆ ಬರುತ್ತಿದ್ದಂತೆ ಈ ಅನುಮಾನ ಊಟದ ಮೇಜಿಗೂ ಬರುತ್ತದೆ. ಮಗಳು ರಾಜ್ಯಶಾಸ್ತ್ರ ಓದುತ್ತೇನೆ ಎಂದರೆ ತಂದೆತಾಯಿ ಜಗಳವಾಡುವುದಿಲ್ಲ, ಲೆಕ್ಕ ಹಾಕುತ್ತಾರೆ. ಈಗ ವರ್ಷಕ್ಕೆ ಸುಮಾರು 17 ಸಾವಿರ. ಮೂರು ವರ್ಷಕ್ಕೆ 50 ಸಾವಿರ ಡಾಲರ್. ಆಮೇಲೆ ಏನು? ಲೆಕ್ಕ ಮುಗಿಯುವ ಹೊತ್ತಿಗೆ ತೀರ್ಪೂ ಮುಗಿದಿರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಯಾರಾದರೊಬ್ಬ ಚಿಕ್ಕಪ್ಪ ಫೋನಿನಲ್ಲಿ ನೆನಪಿಸುವುದೂ ಉಂಟು.

ಈ ಲೆಕ್ಕದಲ್ಲಿ ಅಂಕಿಗಳು ತಪ್ಪಿಲ್ಲ. ಆದರೆ ಆ ಅಂಕಿ ಎಲ್ಲಿಂದ ಬಂತೆಂಬುದನ್ನು ಯಾರೂ ಕೇಳುವುದಿಲ್ಲ. 2020ರ ಜೂನ್‌ನಲ್ಲಿ, ಕೋವಿಡ್‌ನ ಗದ್ದಲದ ನಡುವೆ, ಅಂದಿನ ಶಿಕ್ಷಣ ಸಚಿವ ಡ್ಯಾನ್ ಟೆಹಾನ್ 'ಜಾಬ್-ರೆಡಿ ಗ್ರಾಜುಯೇಟ್ಸ್' ಎಂಬ ಯೋಜನೆಯನ್ನು ಘೋಷಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಸಂಸತ್ತಿನಲ್ಲಿ ಅಂಗೀಕಾರ ಪಡೆಯಿತು. ಮಾನವಿಕ ವಿಷಯಗಳ ಶುಲ್ಕ ಒಂದೇ ಏಟಿಗೆ ಶೇ. 113ರಷ್ಟು ಏರಿತು. ನರ್ಸಿಂಗ್ ಮತ್ತು ಶಿಕ್ಷಕರ ತರಬೇತಿಯ ಶುಲ್ಕ 3,950 ಡಾಲರಿಗೆ ಇಳಿಯಿತು. ಎಂಜಿನಿಯರಿಂಗ್, ಐಟಿಗಳದ್ದು 7,950 ಆಯಿತು. ಪಾಠ ಹೇಳಲು ತಗಲುವ ವೆಚ್ಚಕ್ಕೂ ಈ ದರಗಳಿಗೂ ಸಂಬಂಧವಿರಲಿಲ್ಲ. ಎಳೆಯರನ್ನು ಕೆಲವು ಕೋರ್ಸುಗಳತ್ತ ತಳ್ಳುವುದು, ಕೆಲವುಗಳಿಂದ ದೂರ ಇಡುವುದು ಅದರ ಬಹಿರಂಗ ಉದ್ದೇಶವಾಗಿತ್ತು. ಮಾನವಿಕ ವಿದ್ಯಾರ್ಥಿಯೊಬ್ಬರ ಓದಿಗೆ ಸರ್ಕಾರ ವರ್ಷಕ್ಕೆ ಕೊಡಲೊಪ್ಪಿದ್ದು 1,100 ಡಾಲರ್ ಮಾತ್ರ. ಕೋರ್ಸಿಗೆ ಸಿಗುವ ಹಣದಲ್ಲಿ ಶೇ. 93ರಷ್ಟನ್ನು ವಿದ್ಯಾರ್ಥಿಯೇ ತೆರಬೇಕು. ವೈದ್ಯಕೀಯ ಸೀಟೊಂದಕ್ಕೆ ಇದೇ ಸರ್ಕಾರ ಕೊಟ್ಟದ್ದು 27 ಸಾವಿರ. ಈ ದರಪಟ್ಟಿ ತಂದ ಸಚಿವರು ಮೆಲ್ಬರ್ನ್ ವಿಶ್ವವಿದ್ಯಾಲಯದ ಕಲಾ ಪದವೀಧರರು. ಅವರ ವೃತ್ತಿಜೀವನಕ್ಕೆ ಆ ಪದವಿಯಿಂದ ಧಕ್ಕೆಯಾದಂತೆ ಕಾಣಲಿಲ್ಲ.

ಇನ್ನೂ ಒಂದು ಸಂಗತಿಯಿದೆ. ಕಾನೂನು ಮತ್ತು ವಾಣಿಜ್ಯ ಪದವಿಗಳನ್ನೂ ಇದೇ 14,500ರ ಪಟ್ಟಿಗೆ ಸೇರಿಸಲಾಯಿತು. ಆದರೆ ಮಗ ಕಾಮರ್ಸ್ ಓದುತ್ತೇನೆ ಎಂದಾಗ ಸನ್ನಿಬ್ಯಾಂಕಿನ ಯಾವ ಮನೆಯಲ್ಲೂ 'ಅಷ್ಟು ದುಡ್ಡಿಗೆ ಇದು ತಕ್ಕುದೇ' ಎಂಬ ಪ್ರಶ್ನೆ ಏಳುವುದಿಲ್ಲ. ದರ ಒಂದೇ, ಸಾಲ ಒಂದೇ. ಹಾಗಿದ್ದರೆ ಆಕ್ಷೇಪ ಇರುವುದು ದುಡ್ಡಿನ ಬಗ್ಗೆ ಅಲ್ಲ. ಬಿ.ಎ. ಎಂದರೆ ಬೇರೇನೂ ಸಿಗದವರು ಸೇರುವ ಕೋರ್ಸು ಎಂಬ ಭಾವನೆಯನ್ನು ಬೆಂಗಳೂರು, ಮೈಸೂರು, ದಾವಣಗೆರೆಗಳಿಂದ ಸೂಟ್‌ಕೇಸಿನಲ್ಲಿ ತುಂಬಿಕೊಂಡೇ ವಿಮಾನ ಹತ್ತಲಾಗಿದೆ. ಸಿಇಟಿ ರ‍್ಯಾಂಕಿನ ಆ ಹಳೆಯ ಶ್ರೇಣಿಗೆ ಆಸ್ಟ್ರೇಲಿಯಾದ ಬಲಪಂಥೀಯ ಸರ್ಕಾರವೊಂದು ಡಾಲರಿನಲ್ಲಿ ದರ ನಮೂದಿಸಿಕೊಟ್ಟಿತು, ಅಷ್ಟೆ.

ವಲಸೆ ಕುಟುಂಬಗಳ ಆತಂಕ ಸುಳ್ಳೆಂದು ಇದರರ್ಥವಲ್ಲ. ನಾಗರಿಕತ್ವ ಪಡೆದವರ ಮಕ್ಕಳಿಗೆ ಹೆಕ್ಸ್ ಸಾಲ ಸಿಗುತ್ತದೆ. ಆದಾಯ ನಿಗದಿತ ಮಿತಿಯನ್ನು ದಾಟುವವರೆಗೆ, 2025-26ರಲ್ಲಿ 67 ಸಾವಿರ ಡಾಲರ್, ಅದನ್ನು ತೀರಿಸಬೇಕಾಗಿಲ್ಲ. ಕಾಯಂ ನಿವಾಸಿಗಳಾಗಿದ್ದು ಇನ್ನೂ ನಾಗರಿಕರಾಗದ ಕುಟುಂಬಗಳಿಗೆ ಸೀಟು ಸಿಕ್ಕರೂ ಸಾಲ ಸಿಗುವುದಿಲ್ಲ, ಪ್ರತಿ ಸೆಮಿಸ್ಟರಿಗೂ ಹಣವನ್ನು ಮುಂಗಡವಾಗಿಯೇ ಕಟ್ಟಬೇಕು. ತಾತ್ಕಾಲಿಕ ವೀಸಾದವರು ಅಂತರರಾಷ್ಟ್ರೀಯ ವಿದ್ಯಾರ್ಥಿಯ ಪೂರ್ಣ ಶುಲ್ಕ ತೆರಬೇಕು. ಒಂದೇ ಬೀದಿಯ ಮೂರು ಕನ್ನಡ ಮನೆಗಳ ಮಕ್ಕಳಿಗೆ ಒಂದೇ ಬಿ.ಎ. ಮೂರು ಬೇರೆ ಬೇರೆ ಬೆಲೆಗೆ ಸಿಗುತ್ತದೆ. ಈ ತಾರತಮ್ಯದ ಕುರಿತು ಒಂದು ಮನವಿಪತ್ರವನ್ನಾದರೂ ಬರೆದ ಕನ್ನಡ ಸಂಘ ಎಷ್ಟಿದೆ?

ನೌಕರಿಯ ವಿಷಯದಲ್ಲೂ ಅರ್ಧ ಸತ್ಯವೇ ಚಲಾವಣೆಯಲ್ಲಿದೆ. ಪದವಿ ಮುಗಿದ ಕೆಲವೇ ತಿಂಗಳಲ್ಲಿ ನಡೆಯುವ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನವಿಕ ಪದವೀಧರರು ನರ್ಸುಗಳಿಗಿಂತ, ಎಂಜಿನಿಯರುಗಳಿಗಿಂತ ಹಿಂದಿರುತ್ತಾರೆ, ನಿಜ. ಮೂರು ವರ್ಷಗಳ ನಂತರ ಅದೇ ಜನರನ್ನು ಮತ್ತೆ ಕೇಳಿದಾಗ ಅಂತರ ಬಹಳಷ್ಟು ಕಿರಿದಾಗಿರುತ್ತದೆ. ಬರೀ ವಿಜ್ಞಾನದ ಪದವಿ ಪಡೆದವರ ಆರಂಭದ ಪಾಡೂ ಮಾನವಿಕದವರಿಗಿಂತ ಹೆಚ್ಚೇನೂ ಭಿನ್ನವಲ್ಲ, ಆದರೆ ಬಿ.ಎಸ್ಸಿ. ಎಂದರೆ ಮೂಗು ಮುರಿಯುವವರು ಕಡಿಮೆ. ಕಳೆದ ಕೆಲವು ವರ್ಷಗಳಲ್ಲಿ ಐಟಿ ವಲಯದಲ್ಲಿ ಕೆಲಸ ಕಳೆದುಕೊಂಡವರನ್ನು ಹತ್ತಿರದಿಂದ ಕಂಡ ಸಮುದಾಯವೇ ಇಂದಿಗೂ 'ಭದ್ರತೆ' ಎಂಬ ಪದವನ್ನು ಒಂದೆರಡು ಕೋರ್ಸುಗಳಿಗೆ ಮಾತ್ರ ಮೀಸಲಿಟ್ಟಿರುವುದು ಸೋಜಿಗ.

ಮಾನವಿಕಗಳನ್ನು ಪ್ರೀತಿಸುವ, ಕೈಯಲ್ಲಿ ಕಾಸೂ ಇರುವ ಕುಟುಂಬಗಳಿಗೆ ಈಗ ಬೇರೊಂದು ದಾರಿ ತೋರಿಸಲಾಗುತ್ತಿದೆ: ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜು. ಹತ್ತು ಹನ್ನೆರಡು ಮಂದಿಯ ತರಗತಿ, ಹೆಸರು ಹಿಡಿದು ಕರೆಯುವ ಅಧ್ಯಾಪಕರು, ತತ್ತ್ವಶಾಸ್ತ್ರವೂ ಗಣಿತವೂ ಒಂದೇ ವಾರದ ವೇಳಾಪಟ್ಟಿಯಲ್ಲಿ. ಅದರ ಆಕರ್ಷಣೆ ಸಹಜವಾದದ್ದೇ. ನೂರಾರು ಮಂದಿ ಕೂರುವ ಸಭಾಂಗಣದಲ್ಲಿ, ಅಥವಾ ರೆಕಾರ್ಡ್ ಮಾಡಿದ ಉಪನ್ಯಾಸದ ಮುಂದೆ ಏಕಾಂಗಿಯಾಗಿ ಕುಳಿತು ಯಾರೂ ವಾದ ಮಾಡುವುದನ್ನು ಕಲಿಯುವುದಿಲ್ಲ. ಆದರೆ ಆ ಕಾಲೇಜಿನ ಖರ್ಚನ್ನು ಯಾರು ಹೊರುತ್ತಾರೆ ಮತ್ತು ಹೊತ್ತವರು ಪ್ರತಿಯಾಗಿ ಏನು ಕೇಳುತ್ತಾರೆ ಎಂಬುದನ್ನು ನೋಡಬೇಕು.

ಅಮೆರಿಕದ ಹೆಸರಾಂತ ಪುಟ್ಟ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ಪ್ರಕಟಿತ ದರ ವರ್ಷಕ್ಕೆ 80 ಸಾವಿರ ಅಮೆರಿಕನ್ ಡಾಲರ್ ದಾಟಿದೆ. ಸಿಂಗಪುರದ ಯೇಲ್-ಎನ್‌ಯುಎಸ್ ಕಾಲೇಜು 2011ರಲ್ಲಿ ಹುಟ್ಟಿ, ಹತ್ತು ವರ್ಷಕ್ಕೆ, ಮಾತೃಸಂಸ್ಥೆಯ ಒಂದು ಪ್ರಕಟಣೆಯಲ್ಲಿ ಮುಗಿಯಿತು. ಅದರ ಕೊನೆಯ ತಂಡ 2025ರಲ್ಲಿ ಹೊರಬಂತು. ಭಾರತದ ಅಶೋಕ ವಿಶ್ವವಿದ್ಯಾಲಯದಿಂದ 2021ರ ಮಾರ್ಚ್‌ನಲ್ಲಿ ಪ್ರತಾಪ್ ಭಾನು ಮೆಹ್ತಾ ಹೊರನಡೆದದ್ದು ಏಕೆಂಬುದು ಈ ಪುಟಗಳ ಓದುಗರಿಗೆ ತಿಳಿದಿದೆ: ಅಲ್ಲಿ ತಮ್ಮ ಇರವು ಸಂಸ್ಥೆಗೆ ರಾಜಕೀಯ ಹೊರೆಯಾಗಿ ಕಾಣಬಹುದು ಎಂಬುದು ಸ್ಥಾಪಕರೊಡನೆ ನಡೆದ ಭೇಟಿಯಿಂದ ಮನದಟ್ಟಾಯಿತೆಂದು ಅವರು ರಾಜೀನಾಮೆ ಪತ್ರದಲ್ಲೇ ಬರೆದರು. ಉದಾರಿಗಳ ಹಣದಿಂದ ನಡೆಯುವ ಉದಾರ ಶಿಕ್ಷಣಕ್ಕೆ ಎಲ್ಲಿ ಲಗಾಮು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ಬೇಕಿಲ್ಲ.

ಆಸ್ಟ್ರೇಲಿಯಾದಲ್ಲೂ ಇದೇ ಕಥೆ ನಡೆದಿದೆ. ಸಿಡ್ನಿಯ ಪಶ್ಚಿಮದಲ್ಲಿ 2006ರಲ್ಲಿ ಆರಂಭವಾದ ಕ್ಯಾಂಪಿಯನ್ ಕಾಲೇಜು ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರಗಳ ಜೊತೆ ದೇವತಾಶಾಸ್ತ್ರವನ್ನೂ ಕಲಿಸುವ ಕ್ಯಾಥೊಲಿಕ್ ಪರಂಪರೆಯ ಸಂಸ್ಥೆ. ಅದು ತನ್ನ ಗುರುತನ್ನು ಮರೆಮಾಚುವುದಿಲ್ಲ, ಆದ್ದರಿಂದ ಅದರ ಬಗ್ಗೆ ತಕರಾರಿಗೆ ಕಾರಣವಿಲ್ಲ. ತಕರಾರಿರುವುದು ಸನ್ನಿಬ್ಯಾಂಕಿಗೆ ತೀರ ಹತ್ತಿರದ ಸೇಂಟ್ ಲೂಸಿಯಾದಲ್ಲಿ ನಡೆದುದರ ಬಗ್ಗೆ. ಖಾಸಗಿ ಆಸ್ಪತ್ರೆಗಳ ದೊರೆ ಪಾಲ್ ರ‍್ಯಾಮ್ಸೆ ಬಿಟ್ಟುಹೋದ ಸಂಪತ್ತಿನಿಂದ ಹುಟ್ಟಿದ, ಟೋನಿ ಅಬಾಟ್‌ರಂಥ ಮಾಜಿ ಪ್ರಧಾನಿಗಳು ಮಂಡಳಿಯಲ್ಲಿದ್ದ ರ‍್ಯಾಮ್ಸೆ ಕೇಂದ್ರ, ಪಾಶ್ಚಾತ್ಯ ನಾಗರಿಕತೆಯ ಪದವಿಯೊಂದಕ್ಕೆ ವಿಶ್ವವಿದ್ಯಾಲಯಗಳನ್ನು ಹುಡುಕುತ್ತಿತ್ತು. ಕ್ಯಾನ್‌ಬೆರಾದ ರಾಷ್ಟ್ರೀಯ ವಿಶ್ವವಿದ್ಯಾಲಯ ಶೈಕ್ಷಣಿಕ ಸ್ವಾಯತ್ತತೆಯ ಪ್ರಶ್ನೆ ಎತ್ತಿ 2018ರಲ್ಲಿ ಮಾತುಕತೆ ಮುರಿದುಕೊಂಡಿತು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ, ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ವಿರೋಧದ ನಡುವೆಯೂ, 2019ರಲ್ಲಿ ಸಹಿ ಹಾಕಿತು. ಪುಟ್ಟ ತರಗತಿ, ಮಹಾಗ್ರಂಥಗಳ ನಿಧಾನದ ಓದು, ಧಾರಾಳ ವಿದ್ಯಾರ್ಥಿವೇತನ: ಕೇಳಿದ್ದೆಲ್ಲ ಅಲ್ಲಿದೆ.

ಹಾಗಾದರೆ ಪರಿಸ್ಥಿತಿ ಹೀಗಿದೆ. ಹೋಮರನನ್ನು ಓದುವವರಿಗೆ ಒಬ್ಬ ಸತ್ತ ಉದ್ಯಮಿಯ ನೆರವು. ಅದೇ ಆವರಣದಲ್ಲಿ ವಲಸೆಯ ಚರಿತ್ರೆಯನ್ನು ಓದುವವಳಿಗೆ 50 ಸಾವಿರದ ಸಾಲ. ಒಳ್ಳೆಯ ತರಗತಿ ಎಂಬುದು ಹಕ್ಕಾಗಿ ಉಳಿಯದೆ ದಾನವಾದಾಗ ದಾನಿಯ ರುಚಿಯೇ ಪಠ್ಯವಾಗುತ್ತದೆ. ಇತ್ತ ಪರ್ತ್‌ನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯವು 2021ರಲ್ಲಿ ಮಾನವಶಾಸ್ತ್ರ, ಸಮಾಜಶಾಸ್ತ್ರಗಳ ಬೋಧನೆಯನ್ನು ಕೈಬಿಡುವ ಪ್ರಸ್ತಾಪ ಮುಂದಿಟ್ಟಿತು. ಅವೆರಡಕ್ಕೂ ಯಾವ ಕೋಟ್ಯಧಿಪತಿಯ ಉಯಿಲೂ ಒದಗಿಬರಲಿಲ್ಲ.

ಸನ್ನಿಬ್ಯಾಂಕಿನ ಕುಟುಂಬಗಳು ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜನ್ನು ಅಮೆರಿಕದ ಕರಪತ್ರಗಳಲ್ಲಿ ಹುಡುಕಬೇಕಾಗಿಲ್ಲ. ಅದು ಅವರ ಮಗ್ಗುಲಲ್ಲೇ ಇತ್ತು. ಕೆಲವೇ ಕಿಲೋಮೀಟರ್ ದೂರದ ನೇಥನ್‌ನಲ್ಲಿ, ಟೂಹಿ ಅರಣ್ಯದ ನೀಲಗಿರಿ ಮರಗಳ ನಡುವೆ, 1975ರ ಮಾರ್ಚ್‌ನಲ್ಲಿ ಗ್ರಿಫಿತ್ ವಿಶ್ವವಿದ್ಯಾಲಯ ಬಾಗಿಲು ತೆರೆದಾಗ ಅಲ್ಲಿದ್ದವರು 451 ವಿದ್ಯಾರ್ಥಿಗಳು. ಇಲಾಖೆಗಳ ಬದಲು ನಾಲ್ಕು ಶಾಲೆಗಳು: ಮಾನವಿಕ, ಆಧುನಿಕ ಏಷ್ಯಾ ಅಧ್ಯಯನ, ಆಸ್ಟ್ರೇಲಿಯಾದ ಪರಿಸರ ಅಧ್ಯಯನ, ವಿಜ್ಞಾನ. ವಿಷಯಗಳ ನಡುವಿನ ಗೋಡೆ ಒಡೆಯುವುದು ಅದರ ಸ್ಥಾಪನಾ ಸಂಕಲ್ಪವಾಗಿತ್ತು. ಅದರ ಬೆಲೆ? ಏನೂ ಇಲ್ಲ. ವಿಟ್ಲಮ್ ಸರ್ಕಾರ 1974ರಿಂದ ವಿಶ್ವವಿದ್ಯಾಲಯದ ಬೋಧನಾ ಶುಲ್ಕವನ್ನೇ ರದ್ದುಗೊಳಿಸಿತ್ತು. ವಲಸೆ ನೀತಿಯಿಂದ ಜನಾಂಗದ ಮಾನದಂಡವನ್ನು 1973ರಲ್ಲಿ ಕಿತ್ತುಹಾಕಿದ್ದೂ ಅದೇ ಸರ್ಕಾರ. ಕನ್ನಡಿಗರಿಗೆ ಬ್ರಿಸ್ಬೇನಿನ ಬಾಗಿಲು ತೆರೆದ ರಾಜಕಾರಣವೂ ಕಾಡಿನ ನಡುವೆ ಆ ಪುಟ್ಟ ಕಾಲೇಜನ್ನು ಪುಕ್ಕಟೆ ನಡೆಸಿದ ರಾಜಕಾರಣವೂ ಒಂದೇ ಆಗಿತ್ತು. 1989ರಲ್ಲಿ ಹೆಕ್ಸ್ ಬಂದಾಗಲೂ ಎಲ್ಲ ಕೋರ್ಸುಗಳಿಗೂ ಸಮನಾಗಿ 1,800 ಡಾಲರ್ ಇತ್ತು. ಕೋರ್ಸಿಗೊಂದು ದರ ಹಚ್ಚುವ ಪದ್ಧತಿ ಬಂದದ್ದು ಹಾವರ್ಡ್ ಕಾಲದಲ್ಲಿ.

ಮೊದಲ ಬಾಗಿಲಿನಿಂದ ಒಳಬಂದವರು ಎರಡನೆಯದು ಮುಚ್ಚಿಹೋದುದನ್ನು ಗಮನಿಸದಿರುವುದು, ಪ್ರಗತಿಪರರೆಂದು ಹೇಳಿಕೊಳ್ಳುವವರ ಮಟ್ಟಿಗಂತೂ, ಕ್ಷಮಾರ್ಹವಲ್ಲ. ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿ ಆಚರಿಸುವ ವೇದಿಕೆಗಳಲ್ಲಿ ಅವರು ಕೊಲಂಬಿಯಾದಲ್ಲಿ ಓದಿದ್ದನ್ನು ಹೆಮ್ಮೆಯಿಂದ ನೆನೆಯಲಾಗುತ್ತದೆ. ಬರೋಡಾದ ವಿದ್ಯಾರ್ಥಿವೇತನ ಪಡೆದು 1913ರಲ್ಲಿ ಅಲ್ಲಿಗೆ ಹೋದ ಯುವಕ ಅರ್ಥಶಾಸ್ತ್ರದ ಜೊತೆಗೆ ಓದಿದ್ದು ಸಮಾಜಶಾಸ್ತ್ರ, ಇತಿಹಾಸ, ತತ್ತ್ವಶಾಸ್ತ್ರ, ಮಾನವಶಾಸ್ತ್ರ. ಮುಂದೆ ತಾವೇ ಸಂಸ್ಥೆ ಕಟ್ಟುವಾಗ ಅವರು 1946ರಲ್ಲಿ ಬೊಂಬಾಯಿಯಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ಕಲೆ ಮತ್ತು ವಿಜ್ಞಾನಗಳ ಕಾಲೇಜಾಗಿತ್ತು. ದುಡಿಯುವವರಿಗೆ ಅನುಕೂಲವಾಗಲೆಂದು ಬೆಳಗಿನ ಹೊತ್ತು ತರಗತಿಗಳನ್ನು ನಡೆಸಿತು. ಬಡವರ ಮಕ್ಕಳಿಗೆ ಕಸುಬು ಸಾಕು, ಚಿಂತನೆ ಶ್ರೀಮಂತರಿಗಿರಲಿ ಎಂದು ಅವರು ಭಾವಿಸಲಿಲ್ಲ.

ಮೈಸೂರಿನ ಚರಿತ್ರೆಯೂ ಬೇರೇನನ್ನೂ ಹೇಳುವುದಿಲ್ಲ. ಮಹಾರಾಜಾ ಕಾಲೇಜಿನ ಬಿ.ಎ.ಗೆ ನೂರು ವರ್ಷಗಳ ಹಿಂದೆ ಇದ್ದ 'ಮಾರುಕಟ್ಟೆ ಮೌಲ್ಯ' ಬಹಳ ದೊಡ್ಡದು, ಏಕೆಂದರೆ ಅದು ಸಂಸ್ಥಾನದ ಸರ್ಕಾರಿ ನೌಕರಿಯ ಹೆಬ್ಬಾಗಿಲಾಗಿತ್ತು ಮತ್ತು ಆ ಬಾಗಿಲಲ್ಲಿ ಒಂದೇ ಜಾತಿಯವರು ಕಿಕ್ಕಿರಿದಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದ ಬ್ರಾಹ್ಮಣೇತರ ನಾಯಕರು ಆ ಪದವಿ ದುಬಾರಿ ಎಂದೋ ನಿರುಪಯುಕ್ತ ಎಂದೋ ಮುಖ ತಿರುಗಿಸಲಿಲ್ಲ. ಓದಿನಲ್ಲೂ ಹುದ್ದೆಯಲ್ಲೂ ಪಾಲು ಕೇಳಿದರು. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಆ ಬೇಡಿಕೆಯ ಫಲ. ಪದವಿಯೊಂದರ ವೃತ್ತಿಮೌಲ್ಯ ಅದರ ಪಠ್ಯದಲ್ಲಿಲ್ಲ, ಅದನ್ನು ಯಾರು ಪಡೆಯಬಹುದು, ಪಡೆದವರನ್ನು ಯಾರು ನೇಮಿಸಿಕೊಳ್ಳುತ್ತಾರೆ ಎಂಬಲ್ಲಿದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಅರ್ಧ ಶತಮಾನದ ಬಳಿಕ ಅಗ್ಗದ ಶುಲ್ಕದ ಕಾಲೇಜುಗಳ ಕನ್ನಡ, ಸಮಾಜಶಾಸ್ತ್ರ, ಇಂಗ್ಲಿಷ್ ತರಗತಿಗಳಿಂದಲೇ ಕರ್ನಾಟಕದ ದಲಿತ-ಬಂಡಾಯದ ದನಿ ಎದ್ದಿತು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಅವರ ಹೆಸರು ಹೇಳಿ ಭಾಷಣ ಮಾಡುವ ಅನಿವಾಸಿ ಎಂಜಿನಿಯರರು ತಮ್ಮ ಮಗ ಅಂಥ ಅಧ್ಯಾಪಕನಾಗುವುದನ್ನು ಮಾತ್ರ ಒಪ್ಪಲಾರರು.

ವಿಶ್ವವಿದ್ಯಾಲಯಗಳ ಸುಧಾರಣೆಗಾಗಿ ನೇಮಕಗೊಂಡ 'ಅಕಾರ್ಡ್' ಸಮಿತಿ 2024ರ ಫೆಬ್ರವರಿಯಲ್ಲಿ ಪ್ರಕಟವಾದ ವರದಿಯಲ್ಲಿ, ಜಾಬ್-ರೆಡಿ ಯೋಜನೆ ಸೋತಿದೆ, ಅದರ ಶುಲ್ಕ ವ್ಯವಸ್ಥೆಯನ್ನು ಬದಲಿಸಬೇಕು ಎಂದಿತು. ದರದ ಏರಿಳಿತ ವಿದ್ಯಾರ್ಥಿಗಳ ಆಯ್ಕೆಯನ್ನು ಹೆಚ್ಚೇನೂ ಕದಲಿಸಿರಲಿಲ್ಲ; ಸಾಲವನ್ನು ಮಾತ್ರ ಬೆಳೆಸಿತ್ತು. ಲೇಬರ್ ಸರ್ಕಾರ 2025ರಲ್ಲಿ ಇದ್ದ ಸಾಲಗಳಲ್ಲಿ ಶೇ. 20ರಷ್ಟನ್ನು ಮನ್ನಾ ಮಾಡಿತು, ಚುನಾವಣೆಯಲ್ಲಿ ಅದರ ಲಾಭವನ್ನೂ ಪಡೆಯಿತು. ಸಾಲವನ್ನು ಹುಟ್ಟಿಸುವ ದರಪಟ್ಟಿಯನ್ನು ಮಾತ್ರ ಆಗ ಮುಟ್ಟಲಿಲ್ಲ.

ಸನ್ನಿಬ್ಯಾಂಕ್ ಇರುವುದು ಸಂಸತ್ತಿನ ಮೋರ್ಟನ್ ಕ್ಷೇತ್ರದಲ್ಲಿ. ಬ್ರಿಸ್ಬೇನಿನ ರಾಜಕಾರಣಿಗಳಿಗೆ ಭಾರತೀಯರ ದೀಪಾವಳಿಯ ವೇದಿಕೆಗಳು ಪ್ರಿಯವಾಗಿವೆ. ಶಾಲು ಹೊದೆಸಿಕೊಳ್ಳುತ್ತಾರೆ, ನಮಸ್ಕಾರ ಎನ್ನುತ್ತಾರೆ, ಫೋಟೋಕ್ಕೆ ನಿಲ್ಲುತ್ತಾರೆ. ಅವರಿಗೆ ವೀಸಾ ಮತ್ತು ದೇವಸ್ಥಾನದ ಜಾಗದ ಬಗ್ಗೆ ಮನವಿ ಕೊಡುವ ಸಮುದಾಯ, ಮುಂದಿನ ಬಾರಿ ಕಾಯಂ ನಿವಾಸಿಗಳ ಮಕ್ಕಳಿಗೆ ಹೆಕ್ಸ್ ಏಕಿಲ್ಲ ಎಂದೂ, ಇತಿಹಾಸ ಓದುವವಳು ವೈದ್ಯಕೀಯ ಓದುವವಳಿಗಿಂತ ಹೆಚ್ಚು ಏಕೆ ಕಟ್ಟಬೇಕು ಎಂದೂ ಕೇಳಬೇಕು, ಉತ್ತರ ಬರುವ ತನಕ ಮೈಕನ್ನು ಹಿಂದಕ್ಕೆ ಕೊಡಬಾರದು.