ಇಂತಿ ಎಂಬ ಸೂರ್ಯ

ಊರಿಗೆ ಕಾಗದ ಬರೆದಾಗ ಕೊನೆಗೆ ‘ಇಂತಿ’ ಎಂದು ಬರೆದು ಸಹಿ ಹಾಕುವುದು ನಮ್ಮ ರೂಢಿ. ದಕ್ಷಿಣ ಅಮೆರಿಕದ ಪೆರು ನಾಡನ್ನಾಳಿದ ಇಂಕಾ ಜನರಿಗೋ, ‘ಇಂತಿ’ ಎಂದರೆ ಸೂರ್ಯದೇವ. ಅವರ ಅರಸ ಸೂರ್ಯನ ಮಗ. ಬಂಗಾರ ಅವರಿಗೆ ನಾಣ್ಯವಲ್ಲ, ದೇವರ ಸೊತ್ತು.

ಕುಸ್ಕೋ ಪಟ್ಟಣದ ಕೊರಿಕಾಂಚಾ ಅವರ ಸೂರ್ಯಾಲಯ. ಅದರ ಗೋಡೆಯ ಚಿನ್ನದ ತಗಡುಗಳನ್ನು 1533ರಲ್ಲಿ ಸ್ಪೇನಿನವರು ಕಿತ್ತೊಯ್ದರು. ಮುಂದೆ ಆ ಗೋಡೆಗಳ ಮೇಲೆಯೇ ಕ್ರೈಸ್ತ ಮಠ ಎದ್ದಿತು. 1950ರ ಭೂಕಂಪದಲ್ಲಿ ಮಠ ಬಹಳ ಜಖಂಗೊಂಡಿತು. ಗಾರೆಯಿಲ್ಲದೆ ಜೋಡಿಸಿದ ಹಳೆಯ ಕಲ್ಲುಗಳು ಕದಲಲಿಲ್ಲ.

ಗುಮಾಸ್ತರಾದ ನಮಗೆ ಇನ್ನೊಂದು ಲೆಕ್ಕವೂ ಸ್ವಾರಸ್ಯವೆನಿಸಿತು. 1985ರಲ್ಲಿ ಪೆರು ಸರಕಾರ ತನ್ನ ನಾಣ್ಯಕ್ಕೆ ‘ಇಂತಿ’ ಎಂದೇ ಹೆಸರಿಟ್ಟಿತು. ಬೆಲೆ ಏರಿ ಏರಿ, 1991ರಲ್ಲಿ ಹತ್ತು ಲಕ್ಷ ಇಂತಿಗೆ ಒಂದೇ ಒಂದು ‘ಹೊಸ ಸೋಲ್’! ಸೋಲ್ ಎಂದರೆ ಸ್ಪ್ಯಾನಿಷ್ ಮಾತಿನಲ್ಲಿ ಸೂರ್ಯನೇ.

ಆದರೂ ದೇವರು ಮುಳುಗಲಿಲ್ಲ. ಒಮ್ಮೆ ನಿಂತುಹೋಗಿದ್ದ ‘ಇಂತಿ ರಾಯ್ಮಿ’, ಅಂದರೆ ಸೂರ್ಯನ ಹಬ್ಬ, 1944ರಲ್ಲಿ ಕುಸ್ಕೋದಲ್ಲಿ ಮರಳಿ ಮೊದಲಾಯಿತು. ಜೂನ್ 24ರ ಆ ಹಬ್ಬದಲ್ಲಿ ಕೇಳುವುದು ಅವರದೇ ಕೆಚುವಾ ನುಡಿ. ಚಿನ್ನ ಹೋಯಿತು, ನಾಣ್ಯ ಹೋಯಿತು. ನಾಲಗೆಯ ಮೇಲಿದ್ದದ್ದು ಉಳಿಯಿತು. ಪರಊರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನಮಗೆ ಇಷ್ಟು ಧೈರ್ಯ ಸಾಲದೆ?

ಇಂತಿ.